'ಪ್ರೆಶಸ್ ಬೇನ್' ಓದುವವರು ನಿಘಂಟು ಪಕ್ಕಕ್ಕಿಡಿ

ದಯವಿಟ್ಟು ಪುಸ್ತಕ ಮುಚ್ಚಬೇಡಿ. ಇಂಗ್ಲಿಷ್ ಲೇಖಕಿ ಮೇರಿ ವೆಬ್ ಅವರ 'ಪ್ರೆಶಸ್ ಬೇನ್' 40 ಪುಟಕ್ಕೇ ಸುಸ್ತಾಯ್ತು, ಸಾಲಿಗೊಂದು ಸಲ ನಿಘಂಟು ಬೇಕು, ಮೊದಲು ಇಂಥ ಹಳ್ಳಿ ಕಾದಂಬರಿಗಳನ್ನು ಗೇಲಿ ಮಾಡುವ 'ಕೋಲ್ಡ್ ಕಂಫರ್ಟ್ ಫಾರ್ಮ್' ಓದ್ತೀನಿ ಅಂತ ಬರೆದಿದ್ದೀರಿ. ಈ ಎರಡೂ ತಪ್ಪನ್ನು ನಾನು ಮಾಡಿದ್ದೇನೆ.

ಗೇಲಿಯನ್ನೇ ಮೊದಲು ಓದಿದೆ. ಆಮೇಲೆ 'ಪ್ರೆಶಸ್ ಬೇನ್' ಕಥೆಯ ಸಾರ್ನ್ ಮನೆಯವರು ಬಾಯಿ ತೆರೆದರೆ ಸಾಕು, ನಗು ಬರುತ್ತಿತ್ತು. ಜೊತೆಗೆ ತೊಡೆ ಮೇಲೆ ನಿಘಂಟು. 'ಡನ್ನ', 'ಇನ್ನ' ಅಂತ ಬಂದಲ್ಲೆಲ್ಲ ನಿಂತೆ. ಅದು ಇಂಗ್ಲೆಂಡಿನ ಶ್ರಾಪ್‌ಶೈರ್ ಕಡೆಯ ಆಡುಮಾತು ಕಣ್ರೀ! ಧಾರವಾಡದವರು ಮಾತಾಡುವಾಗ ನಾವು ನಿಘಂಟು ತೆಗೀತೀವಾ? ಎರಡು ತಿಂಗಳಿಗೆ 60 ಪುಟ ಆಯ್ತು. ಪುಸ್ತಕ ಮೂರು ವರ್ಷ ಕಪಾಟಿನಲ್ಲೇ ಇತ್ತು.

ಜೋರಾಗಿ ಓದಿ. ನನಗೆ ದಾರಿ ಸಿಕ್ಕಿದ್ದು ಅದರಿಂದಲೇ. ಸಾರ್ನ್ ಮನೆಯ ಅಪ್ಪನನ್ನು ಮಣ್ಣು ಮಾಡುವ ಭಾಗದಿಂದ ಶುರು ಮಾಡಿದೆ. ಸತ್ತವನ ಪಾಪವನ್ನು ಇನ್ನೊಬ್ಬ ಹೊರಬೇಕು ಅನ್ನೋದು ಅಲ್ಲಿಯ ಪದ್ಧತಿ. ಅದಕ್ಕೆ ಶವಪೆಟ್ಟಿಗೆಯ ಮೇಲಿಂದ ಕೊಟ್ಟ ಬ್ರೆಡ್ ತಿಂದು ವೈನ್ ಕುಡಿಯಬೇಕು. ಮಗ ಗಿಡಿಯನ್ ಮುಂದೆ ಬರುತ್ತಾನೆ. ಆದರೆ ಹೊಲ ಮನೆ ಎಲ್ಲ ತನಗೇ ಅಂತ ತಾಯಿಯಿಂದ ಮಾತು ತೆಗೆದುಕೊಂಡ ಮೇಲೆ! ಓದುತ್ತಾ ಗಂಟಲು ಕಟ್ಟಿತು. ಒಂದು ಪದದ ಅರ್ಥವನ್ನೂ ಹುಡುಕಲಿಲ್ಲ.

ಪೆನ್ಸಿಲ್ ಇಟ್ಟುಕೊಳ್ಳಿ. ಬಸುರಿಯಾಗಿದ್ದಾಗ ಮೊಲ ಅಡ್ಡ ಬಂದದ್ದರಿಂದಲೇ ಮಗಳು ಪ್ರೂ ಸೀಳುತುಟಿಯಿಂದ ಹುಟ್ಟಿದಳು ಅಂತ ತಾಯಿ ನಂಬಿದ್ದಾಳೆ. ಅದನ್ನೇ ಮತ್ತೆ ಮತ್ತೆ ಹೇಳ್ತಾಳೆ. ಅಲ್ಲೆಲ್ಲ ಗುರುತು ಹಾಕಿ. ಗಿಡಿಯನ್ ಆ ಮುದುಕಿಯನ್ನು ಹಂದಿ ಕಾಯೋಕೆ ಕಳಿಸುವ ಹೊತ್ತಿಗೆ ಆ ಮಾತು ಬೇರೆಯೇ ಕೇಳಿಸುತ್ತೆ. ಮುಂದಿನದು ಹೇಳಲ್ಲ. ವೆಬ್ ಅವರಿಗೆ ಥೈರಾಯ್ಡ್ ಕಾಯಿಲೆ ಇತ್ತು, ಕಣ್ಣು ಮುಂದಕ್ಕೆ ಬಂದಿದ್ದವು. ಪ್ರೂ ನೋವನ್ನು ಸುಮ್ನೆ ಕಲ್ಪಿಸಿ ಬರೆದದ್ದಲ್ಲ ಅಂತ ನನ್ನ ನಂಬಿಕೆ.

ಪ್ರತಿ ಯಾವುದು? ವಿರಾಗೊ ಪ್ರಕಾಶನದ ಹಸಿರು ಬೆನ್ನಿನ ಹಳೆಯದು ಸಿಕ್ಕರೆ ಬಿಡಬೇಡಿ. ಅಗ್ಗದ ಮರುಮುದ್ರಣ ಒಂದನ್ನು ಕೊಂಡು ಕೆಟ್ಟೆ, ಸಾಲುಗಳೇ ಬಿಟ್ಟುಹೋಗಿದ್ದವು. ಮುನ್ನುಡಿ ಕೊನೆಗೆ ಓದಿ, ಕಥೆ ಬಿಟ್ಟುಕೊಡುವ ಮುನ್ನುಡಿಗಳು ಜಾಸ್ತಿ. ಹಿನ್ನೆಲೆಗೆ ಇಷ್ಟು ಸಾಕು: ಪುಸ್ತಕ ಬಂದದ್ದು 1924ರಲ್ಲಿ. ವೆಬ್ ತೀರಿಕೊಂಡದ್ದು 1927ರಲ್ಲಿ. ಮರುವರ್ಷ ಬ್ರಿಟನ್ ಪ್ರಧಾನಿ ಬಾಲ್ಡ್‌ವಿನ್ ಹೊಗಳಿದ ಮೇಲೆ ಜನ ಮುಗಿಬಿದ್ದು ಕೊಂಡರು. ನೋಡೋಕೆ ಅವರೇ ಇರಲಿಲ್ಲ. ಗೇಲಿ ಬಂದದ್ದು 1932ರಲ್ಲಿ. ಅದನ್ನು ಆಮೇಲೆ ಧಾರಾಳವಾಗಿ ಓದಿ.

ಹಾಂ, ಪ್ರೂ ಮತ್ತು ನೇಕಾರ ಕೆಸ್ಟರ್ ಕೆರೆ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆ ಪೊರೆ ಬಿಟ್ಟು ಹೊರಬರೋದನ್ನು ನೋಡುವ ಭಾಗವಿದೆ. ಅದನ್ನು ಬಸ್ಸಲ್ಲಿ ಓದಬೇಡಿ.