ಅಮೆರಿಕದ ವಯೋಮಿಂಗ್‌ನಲ್ಲಿ ಪ್ರಾಂಗ್‌ಹಾರ್ನ್ (ಬಯಲಲ್ಲಿರುವ ಜಿಂಕೆಯಂಥ ಮೃಗ) ಬೇಟೆಗೆ 60 ಪೌಂಡಿನ ಲಾಂಗ್‌ಬೋ ಕೊಳ್ಳಲೇ, ರಿಕರ್ವ್ ಕೊಳ್ಳಲೇ?

ಉದ್ದನೆಯ, ಸರಳ ಬಾಗಿನ ಲಾಂಗ್‌ಬೋ ಆಗಲಿ, ತುದಿಗಳು ಮುಂದಕ್ಕೆ ಬಾಗಿದ, ಸಾಮಾನ್ಯವಾಗಿ ಗಿಡ್ಡನೆಯ ರಿಕರ್ವ್ ಆಗಲಿ, ಎರಡರಲ್ಲಿ ಯಾವುದಾದರೂ ನಡೆಯುತ್ತದೆ. 60 ಪೌಂಡ್, ಅಂದರೆ ಹೆದೆ ಎಳೆಯಲು ಬೇಕಾದ ಅಷ್ಟು ಬಲ, ಮಾತ್ರ ಬೇಡ. ನೀವು ಕೇಳಬೇಕಾಗಿದ್ದು ಬಿಲ್ಲು ಎಷ್ಟುದ್ದ ಇರಬೇಕು ಅಂತ.

ನಾನಿರುವುದು ಪಕ್ಕದ ಕೊಲರಾಡೊದಲ್ಲಿ. ವಯೋಮಿಂಗ್ ಬೇಟೆ ಲಾಟರಿಯಲ್ಲಿ (ಡ್ರಾ) ಮೊದಲ ಸಲ ಲೈಸೆನ್ಸ್ ಸಿಕ್ಕಾಗ ನನ್ನ ಹತ್ತಿರ 68 ಇಂಚಿನ ಲಾಂಗ್‌ಬೋ ಇತ್ತು. ಹಿತ್ತಲಲ್ಲಿ ನಿಂತು ಹೊಡೆದರೆ 20 ಗಜದಲ್ಲಿ ಬಾಣಗಳು ಒಂದರ ಪಕ್ಕ ಒಂದು ನಾಟುತ್ತಿದ್ದವು. ಆದರೆ ಅಲ್ಲಿನ ಬಯಲಲ್ಲಿ ಅಡಗಲು ಮರ ಎಲ್ಲಿದೆ? ಬರೀ ಸೇಜ್ ಗಿಡ. ಗಾಳಿಯಂತ್ರ ನೀರೆತ್ತಿ ತುಂಬಿಸುವ ದನದ ತೊಟ್ಟಿ ಪಕ್ಕ ಬ್ಲೈಂಡ್, ಅಂದರೆ ಅಡಗಿ ಕೂರಲು ಕಿಟಕಿಯಿರುವ ಬಟ್ಟೆಯ ಪುಟ್ಟ ಡೇರೆ, ಹಾಕಿ, ಆಗಸ್ಟ್ ಬಿಸಿಲಲ್ಲಿ ಬೇಯುತ್ತಾ ಸ್ಟೂಲ್ ಮೇಲೆ ಕೂತಿರಬೇಕು.

ಒಂದು ಗಂಡು ಬಂತು. 15 ಗಜ ದೂರ. ನೀರಿಗೆ ಬಾಯಿ ಹಾಕಿತು. ಎಳೆದೆ, ಬಿಟ್ಟೆ. ಬಿಲ್ಲಿನ ಮೇಲ್ತುದಿ ಬ್ಲೈಂಡಿನ ಕಡ್ಡಿಗೆ ಬಡಿಯಿತು, ಬಾಣ ಹೋಗಿ ತೊಟ್ಟಿಯ ತಗಡಿಗೆ ಠಣ್ ಅಂತು. ಮೃಗ ಆಗಲೇ ಅರ್ಧ ಬಯಲು ದಾಟಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. ಒಳಗೆ ಕೂತು ಬಿಲ್ಲು ಎಳೆದು ನೋಡಿದ್ದೆ. ಎಲ್ಲೂ ತಗಲಿರಲಿಲ್ಲ. ಬಿಟ್ಟು ಮಾತ್ರ ನೋಡಿರಲಿಲ್ಲ. ಹೆದೆ ಪೂರ್ತಿ ಎಳೆದಾಗ ಬಿಲ್ಲು ಬಾಗಿ ಎರಡೂ ತುದಿ ಹತ್ತಿರ ಬರುತ್ತವೆ, ಅಂದರೆ ಬಿಲ್ಲು ಗಿಡ್ಡವಾಗುತ್ತದೆ. ಹೆದೆ ಬಿಟ್ಟ ಕ್ಷಣ ಅದೇ ತುದಿಗಳು ಮುಂದಕ್ಕೂ ಚಿಮ್ಮುತ್ತವೆ, ಮೇಲಕ್ಕೆ ಕೆಳಕ್ಕೂ ಚಾಚುತ್ತವೆ. ಎಳೆದಾಗ ಇದ್ದ ಜಾಗ ಬಿಟ್ಟಾಗ ಇರುವುದಿಲ್ಲ. ಕೂತವನಿಗೆ ಕೆಳತುದಿ ನೆಲಕ್ಕೆ ತಾಗುವ ಭಯ ಬೇರೆ, ಹಾಗಾಗಿ ಗೊತ್ತಿಲ್ಲದೆ ಬಿಲ್ಲನ್ನು ಮೇಲೆತ್ತಿ ಹಿಡಿಯುತ್ತಾನೆ. ಬಿಲ್ಲನ್ನು ಓರೆ ಮಾಡಬಹುದಲ್ವಾ ಅಂತೀರಿ. ಮಾಡಬಹುದು, ಆಗ ಕಿಟಕಿಯ ಅಂಚು ಅಡ್ಡ ಬರುತ್ತದೆ.

ಅದಕ್ಕೇ 58ರಿಂದ 60 ಇಂಚಿನ ರಿಕರ್ವ್ ತಗೊಳ್ಳಿ. ನೀವು ಹೆದೆಯನ್ನು ಜಾಸ್ತಿ ಉದ್ದ ಎಳೆಯುವವರಾದರೆ 62. ಅದಕ್ಕಿಂತ ಗಿಡ್ಡವಾದರೆ ಹೆದೆಯ ಕೋನ ಚೂಪಾಗಿ ಬೆರಳು ಹಿಂಡುತ್ತದೆ.

ಪೌಂಡಿನ ವಿಷಯ. ವಯೋಮಿಂಗ್ ನಿಯಮ ಈ ಮೃಗಕ್ಕೆ ಕೇಳುವುದು ಕನಿಷ್ಠ 40. ಗಂಡು ಸುಮಾರು 50 ಕಿಲೋ ತೂಗುತ್ತದೆ, ಮೈ ತೆಳು. 45ರಿಂದ 50 ಧಾರಾಳ ಸಾಕು. ಬಿಲ್ಲಿನ ಮೇಲೆ ಬರೆದಿರುವುದು ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಲೆಕ್ಕ, ನಿಮ್ಮ ಕೈಗೆ ಎಷ್ಟು ಬರುತ್ತದೆ ಅಂತ ತೂಗಿ ನೋಡಿ. ಗಂಟೆಗಟ್ಟಲೆ ಮುದುಡಿ ಕೂತ ಮೇಲೆ 60 ಪೌಂಡನ್ನು ಸದ್ದಿಲ್ಲದೆ ಎಳೆಯುವವರನ್ನು ನಾನಂತೂ ನೋಡಿಲ್ಲ.

ವೇಗದ ಆಸೆಯನ್ನೂ ಬಿಡಿ. ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ 180 ಅಡಿ ಹೋದರೆ ಹೆಚ್ಚು, ಸದ್ದು ಹೋಗುವುದು ಸುಮಾರು 1100 ಅಡಿ. 20 ಗಜದಲ್ಲಿ ಬಾಣ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅಷ್ಟರಲ್ಲಿ ಹೆದೆಯ ಸದ್ದಿಗೆ ಮೃಗ ಮೈ ತಗ್ಗಿಸಿ ಓಟಕ್ಕೆ ನಿಂತಿರುತ್ತದೆ. ಆ ಖಂಡದಲ್ಲಿ ಅದಕ್ಕಿಂತ ವೇಗವಾಗಿ ಓಡುವ ಪ್ರಾಣಿಯೇ ಇಲ್ಲ. ಹಾಗಾಗಿ ಬಾಣ ಭಾರ ಇರಲಿ, ಬಿಲ್ಲಿನ ಪ್ರತಿ ಪೌಂಡಿಗೆ 10 ಗ್ರೇನ್ (ಸುಮಾರು 0.65 ಗ್ರಾಂ) ಹತ್ತಿರ. ಭಾರದ ಬಾಣ ಬಿಟ್ಟರೆ ಬಿಲ್ಲಿನ ಸದ್ದು ಕಡಿಮೆ. ಹೆದೆಗೆ ಉಣ್ಣೆಯ ಉಂಡೆ ಕಟ್ಟಿ. ಬಾಣಕ್ಕೆ ಎರಡು ಅಲಗಿನ ಬ್ರಾಡ್‌ಹೆಡ್ (ಬೇಟೆಯ ಮೊನೆ), ಮುಂಗೈ ಕೂದಲು ಬೋಳಿಸುವಷ್ಟು ಹರಿತವಾಗಿ. ತಾಗಿದಾಗ ಬಿಚ್ಚಿಕೊಳ್ಳುವ ಅಲಗು ಬೇಡವೇ ಬೇಡ, ಇರುವ ಅಷ್ಟಿಷ್ಟು ಶಕ್ತಿಯನ್ನೂ ಅದೇ ತಿನ್ನುತ್ತದೆ.

(ಊರಲ್ಲಿ ಕೂತು ಓದುತ್ತಿರುವವರಿಗೆ: ಇದು ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದ ಹಾಗೆ ಕಂಡರೂ ಇದರ ಹತ್ತಿರದ ನೆಂಟ ಜಿರಾಫೆ. ಕೃಷ್ಣಮೃಗದ ಮೇಲೆ ಬಿಲ್ಲೆತ್ತಿದರೆ 1972ರ ಕಾಯ್ದೆಯಡಿ ಜೈಲು.)

ಬಿಲ್ಲಿಗಿಂತ ಮೊದಲು ಸ್ಟೂಲ್ ಮತ್ತು ಬ್ಲೈಂಡ್ ಕೊಳ್ಳಿ. ಹಿತ್ತಲಲ್ಲಿ ಹಾಕಿ, ಒಳಗೆ ಕೂತು, ಬೇಟೆಯ ಬಟ್ಟೆಯಲ್ಲೇ ಬಾಣ ಬಿಡಿ. ಮನೆಯವರು ನಗುತ್ತಾರೆ, ನಗಲಿ. ಆಮೇಲೆ ಅಲ್ಲಿ ಹೋದಾಗ ಜೋರು ಮಳೆ ಬಿದ್ದು ತಗ್ಗುಗಳಲ್ಲೆಲ್ಲ ನೀರು ನಿಂತಿದ್ದರೆ ತೊಟ್ಟಿ ಪಕ್ಕ ಸುಮ್ನೆ ಕಾಯಬೇಡಿ, ಒಂದೂ ಬರುವುದಿಲ್ಲ.