ಆ ದೀಪಗಳನ್ನು ಬಿಟ್ಟಿದ್ದೇಕೆ?

ನಮಸ್ಕಾರ.

ಸಾವಿರ ವರ್ಷದ ಹಿಂದೆ ಬೆಳಕು ಮತ್ತು ನೋಟದ ಗುಟ್ಟು ಹುಡುಕಿದ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಇಸವಿಗಳೂ ಸರಿಯಾಗಿವೆ. ಆದರೆ ಎರಡು ಮಾತು ನನ್ನನ್ನು ಎರಡು ದಿನದಿಂದ ಬಿಟ್ಟಿಲ್ಲ. ಅವನ್ನಷ್ಟೇ ಹಿಡಿದು ಬರೆಯುತ್ತೇನೆ.

ಮೊದಲನೆಯದು ಮೂರನೇ ಪ್ಯಾರಾದಲ್ಲಿದೆ: "ಅರಬ್ಬರು ಗ್ರೀಕರ ಜ್ಞಾನವನ್ನು ಜೋಪಾನ ಮಾಡಿ ಯೂರೋಪಿಗೆ ತಲುಪಿಸಿದರು." ಹಾಗಾದರೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಈ ಮನುಷ್ಯ ಬರೀ ಮೂಟೆ ಹೊತ್ತನೇ? ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದವರು ಗ್ರೀಕ್ ಪಂಡಿತರಾದ ಯೂಕ್ಲಿಡ್ ಮತ್ತು ಟಾಲೆಮಿ. ಈತ ಅದನ್ನು ಜೋಪಾನ ಮಾಡಲಿಲ್ಲ, ಕೆಡವಿದ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದಲ್ಲ, ಬೆಳಕು ಹೊರಗಿನಿಂದ ಬಂದು ತಾಗಿದ್ದಕ್ಕೇ ತಾನೇ ಎಂಬಂಥ ಮಾತಿನಿಂದ ಶುರುಮಾಡಿ 'ಕಿತಾಬ್ ಅಲ್-ಮನಾಝಿರ್' (ದೃಷ್ಟಿಶಾಸ್ತ್ರದ ಪುಸ್ತಕ) ಎಂಬ ಏಳು ಭಾಗದ ಗ್ರಂಥ ಕಟ್ಟಿದ. ಟಾಲೆಮಿಯ ಬಗೆಗಿನ ಸಂದೇಹಗಳಿಗೆಂದೇ ಇನ್ನೊಂದು ಪುಸ್ತಕ ಬರೆದ. ಹಿರಿಯರು ಬರೆದದ್ದನ್ನು ನಂಬಿ ಕೂರುವವನಲ್ಲ, ಅದನ್ನು ಶಂಕಿಸುವವನೇ ಸತ್ಯ ಹುಡುಕುವವನು ಎನ್ನುತ್ತಾನೆ ಅದರಲ್ಲಿ. ಸುಮಾರು 300 ವರ್ಷಗಳ ಮೇಲೆ ಪರ್ಷಿಯಾದ ಕಮಾಲ್ ಅಲ್-ದೀನ್ ಅಲ್-ಫಾರಿಸಿ ಇದೇ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತ, ಗಾಜಿನ ಗೋಳಕ್ಕೆ ನೀರು ತುಂಬಿ, ಅದನ್ನೇ ಮಳೆಹನಿಯೆಂದು ಬಗೆದು ಕಾಮನಬಿಲ್ಲಿನ ಗುಟ್ಟು ಬಿಡಿಸಿದ. ಅವನ ಮನಸ್ಸಿನಲ್ಲಿ ಯೂರೋಪು ಎಲ್ಲಿತ್ತು?

ಎರಡನೆಯದು, "ಕ್ಯಾಮೆರಾದ ಪಿತಾಮಹ". ಈ ಬಿರುದು ಕಂಡರೆ ನನಗಾಗುವುದಿಲ್ಲ. ಆತ ಚಿತ್ರ ಹಿಡಿಯಲು ಕತ್ತಲಕೋಣೆ ಹೊಕ್ಕವನಲ್ಲ. ಒಂದು ಕಿಂಡಿಯ ಎದುರು ಬೇರೆ ಬೇರೆ ಜಾಗದಲ್ಲಿ ಹಲವು ದೀಪ ಇಟ್ಟ. ಒಳಗಿನ ಗೋಡೆಯ ಮೇಲೆ ದೀಪಕ್ಕೊಂದರಂತೆ ಬೆಳಕು ಬಿತ್ತು. ಒಂದು ದೀಪಕ್ಕೆ ಮರೆ ಹಿಡಿದರೆ ಅದರ ಬೆಳಕು ಮಾತ್ರ ಹೋಯಿತು, ಮರೆ ತೆಗೆದರೆ ಅದೇ ಜಾಗಕ್ಕೆ ಬಂತು. ಅಂದರೆ, ಅಷ್ಟೂ ಬೆಳಕು ಒಂದೇ ಕಿಂಡಿಯಲ್ಲಿ ನುಗ್ಗಿದರೂ ಒಂದರಲ್ಲೊಂದು ಕಲಸಿಹೋಗಲಿಲ್ಲ. ಗಾಳಿಯಲ್ಲಿ ಕಲಸದ ಬೆಳಕು ಕಣ್ಣಿನ ಪಾರದರ್ಶಕ ಪೊರೆಗಳಲ್ಲೂ ಕಲಸದು. ಅವನಿಗೆ ಬೇಕಿದ್ದದ್ದು ಇದು. ಇದಕ್ಕೆ ನೀವು ಒಂದು ಸಾಲೂ ಕೊಟ್ಟಿಲ್ಲ. ನೈಲ್ ನದಿಯನ್ನು ಹತೋಟಿಗೆ ತರಲು ಹೋಗಿ ಆಗದೆ, ಖಲೀಫ ಅಲ್-ಹಾಕಿಂನ ಸಿಟ್ಟಿಗೆ ಹೆದರಿ ಹುಚ್ಚನಂತೆ ನಟಿಸಿದ ಕತೆಗೆ ಮಾತ್ರ ಎರಡು ಪುಟ!

ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ನಾನು ಗೋಳಗುಮ್ಮಟದ ಮೇಲೊಂದು ಲೇಖನ ಬರೆದು ಹಿರಿಯ ಸಂಪಾದಕರ ಮುಂದಿಟ್ಟಿದ್ದೆ. 'ಅದ್ಭುತ' ಎಂಬ ಮಾತು ಏಳು ಕಡೆ ಇತ್ತು. ಓದಿ ಮುಗಿಸಿ ಅವರು, "ಕೆಳಗ ಚೌಕ ಗ್ವಾಡಿ, ಮ್ಯಾಲ ದುಂಡ ಗುಮ್ಮಟ. ಹ್ಯಾಂಗ ಕುಂತೈತಿ ಹೇಳು" ಎಂದರು. ನನಗೆ ಗೊತ್ತಿರಲಿಲ್ಲ. ಅವತ್ತೇ ರಾತ್ರಿ ವಿಜಯಪುರದ ಬಸ್ಸು ಹತ್ತಿದೆ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು ಚೌಕವನ್ನು ಎಂಟು ಮೂಲೆಗೆ ತಂದು, ಅಲ್ಲಿಂದ ದುಂಡಗೆ ತಿರುಗಿಸುತ್ತವೆ. ಕತ್ತೆತ್ತಿ ನೋಡುತ್ತ ನಿಂತವನು ಸಂಜೆ ಬಾಗಿಲು ಹಾಕುವವರೆಗೂ ಕದಲಲಿಲ್ಲ. ವಾಪಸು ಬಂದು ಬರೆಯುವಾಗ ಆ ಏಳು ಸಲದ ಪದ ನೆನಪಿಗೇ ಬರಲಿಲ್ಲ.

ನೀವೂ ರಟ್ಟಿಗೊಂದು ತೂತು ಕೊರೆದು, ಕತ್ತಲಲ್ಲಿ ಅದರ ಮುಂದೆ ಮೂರು ಹಣತೆ ಹಚ್ಚಿಡಿ. ಒಂದಕ್ಕೆ ಕೈ ಅಡ್ಡ ಹಿಡಿಯಿರಿ. ಕಂಡದ್ದನ್ನು ಮೊದಲ ಪ್ಯಾರಾದಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.