ಇನ್‌ಸ್ಪೆಕ್ಷನ್‌ಗೆ ಒಂಬತ್ತು ದಿನ ಇದೆ, ಲ್ಯಾಬ್ ಸಾಮಾನು ಕಡ ತರಬಹುದೇ?

ಪ್ರಶ್ನೆ: ಸರ್, ನಾನು ತಾಲ್ಲೂಕು ಕೇಂದ್ರವೊಂದರ ಸಣ್ಣ ಖಾಸಗಿ ಪಿಯು ಕಾಲೇಜಿನ ಪ್ರಿನ್ಸಿಪಾಲ್. ಎರಡೂ ವರ್ಷ ಸೇರಿ 118 ಮಕ್ಕಳು. ಮಾನ್ಯತೆ ನವೀಕರಣಕ್ಕೆ ಅರ್ಜಿ ಹಾಕಿದ್ದೆವು, ಈಗ ಡಿಡಿಪಿಯು (ಜಿಲ್ಲೆಯ ಪಿಯು ಶಿಕ್ಷಣ ಉಪನಿರ್ದೇಶಕರು) ಕಚೇರಿಯಿಂದ ಪತ್ರ ಬಂದಿದೆ. ಇನ್ನು ಒಂಬತ್ತು ದಿನಕ್ಕೆ ತಪಾಸಣಾ ತಂಡ ಬರುತ್ತದಂತೆ. ಕೆಮಿಸ್ಟ್ರಿ ಲ್ಯಾಬ್ ಅರ್ಧಂಬರ್ಧ ಇದೆ. ಫಿಸಿಕ್ಸ್ ಲೆಕ್ಚರರ್ ಜುಲೈನಲ್ಲಿ ಬಿಟ್ಟು ಹೋದರು, ಗಣಿತದವರೇ ಅದನ್ನೂ ನೋಡಿಕೊಳ್ಳುತ್ತಿದ್ದಾರೆ. ನಮ್ಮ ಅಧ್ಯಕ್ಷರು "ಪಕ್ಕದೂರಿನ ಕಾಲೇಜಿಂದ ಒಂದು ದಿನದ ಮಟ್ಟಿಗೆ ಸಾಮಾನು ತರಿಸೋಣ, ಗೊತ್ತಿರೋರು ಒಬ್ಬರನ್ನ ಫಿಸಿಕ್ಸ್ ಲೆಕ್ಚರರ್ ಅಂತ ಕೂರಿಸೋಣ" ಅನ್ನುತ್ತಿದ್ದಾರೆ. ಎಲ್ಲರೂ ಹೀಗೇ ಮಾಡೋದು ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ಸಾಮಾನು ತರಬೇಡಿ. ಯಾರನ್ನೂ ಕೂರಿಸಬೇಡಿ. ಸಂಬಳ ಕೊಡುವ ಅಧ್ಯಕ್ಷರಿಗೆ ಇದನ್ನು ಹೇಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದಕ್ಕೇ ಕಾರಣ ಸಮೇತ ಬರೆಯುತ್ತೇನೆ, ಬೇಕಾದರೆ ಇದನ್ನೇ ಅವರಿಗೆ ಓದಿ ಹೇಳಿ.

ನಾನು ಪಿಯು ಪ್ರಾಂಶುಪಾಲನಾಗಿ ನಿವೃತ್ತನಾದವನು. ಸರ್ವೀಸಿನಲ್ಲಿದ್ದಾಗ ಇಂಥ ತಂಡಗಳಲ್ಲಿ ಸುಮಾರು ಸಲ ಹೋಗಿದ್ದೇನೆ. ತಂಡದಲ್ಲಿ ಬರುವವರು ಕೂಡ ವರ್ಷಗಟ್ಟಲೆ ಪಾಠ ಮಾಡಿದವರೇ. ಲ್ಯಾಬಿನಲ್ಲಿ ಕೆಲಸ ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯೋಕೆ ಅವರಿಗೆ ಐದು ನಿಮಿಷ ಸಾಕು. ಮಕ್ಕಳು ಟೈಟ್ರೇಶನ್ ಮಾಡುವ ಲ್ಯಾಬಿನ ಸಿಂಕಿನಲ್ಲಿ ಪರ್ಮಾಂಗನೇಟಿನ ಕಂದು ಕಲೆ ಇರುತ್ತದೆ, ಟೇಬಲ್ ಮೇಲೆ ಆಸಿಡ್ ಬಿದ್ದ ಗುರುತು ಇರುತ್ತದೆ, ಒಂದೆರಡು ಪಿಪೆಟ್ಟಿನ ತುದಿ ಮುರಿದಿರುತ್ತದೆ. ಒಂದು ಕಾಲೇಜಿನಲ್ಲಿ ಸಾಲಾಗಿ ಇಟ್ಟಿದ್ದ ಮೈಕ್ರೋಸ್ಕೋಪ್‌ಗಳ ಅಡಿಯಲ್ಲಿ ಬೇರೆ ಸಂಸ್ಥೆಯ ಸ್ಟಾಕ್ ನಂಬರ್ ಪೇಂಟಿನಲ್ಲಿ ಬರೆದದ್ದು ಹಾಗೇ ಇತ್ತು. ಯಾರೂ ಏನೂ ಕೇಳಬೇಕಾಗಿರಲಿಲ್ಲ. ಆದರೂ ನಮ್ಮ ಜೊತೆ ಬಂದಿದ್ದ ಬಯಾಲಜಿ ಮೇಡಂ ಅಲ್ಲಿದ್ದ ಹುಡುಗಿಯೊಬ್ಬಳನ್ನು "ಇದರಲ್ಲಿ ಏನು ನೋಡಿದ್ದೀಯಮ್ಮ?" ಅಂತ ಕೇಳಿದರು. ಆ ಮಗು ಪ್ರಿನ್ಸಿಪಾಲರ ಮುಖ ನೋಡಿತು. ಆ ನೋಟ ನನಗೆ ಇವತ್ತಿಗೂ ನೆನಪಿದೆ. ಹದಿನಾರು ವರ್ಷದ ಮಗುವನ್ನು ನಮ್ಮ ಸುಳ್ಳಿಗೆ ಸಾಕ್ಷಿ ಮಾಡಿಬಿಡುತ್ತೇವೆ, ಅಧ್ಯಕ್ಷರಿಗೆ ಬೇರೆ ಏನು ಹೇಳದಿದ್ದರೂ ಇದೊಂದನ್ನು ಹೇಳಿ.

ಇನ್ನೊಂದು ವಿಷಯ. ಕೊರತೆ ಬೇರೆ, ಸುಳ್ಳು ದಾಖಲೆ ಬೇರೆ. ಲೆಕ್ಚರರ್ ಹುದ್ದೆ ಖಾಲಿ ಇದೆ, ಲ್ಯಾಬಿನಲ್ಲಿ ಸಾಮಾನು ಕಡಿಮೆ ಇದೆ ಅಂದರೆ ತಂಡ ಅದನ್ನು ಕೊರತೆ ಅಂತ ಬರೆಯುತ್ತದೆ, ಸರಿಪಡಿಸೋಕೆ ನೀವು ಸಮಯ ಕೇಳಬಹುದು. ಇಲ್ಲದ ಮನುಷ್ಯನ ಹೆಸರು ಸಿಬ್ಬಂದಿ ಪಟ್ಟಿಯಲ್ಲಿದ್ದು, ಅದರ ಕೆಳಗೆ ನಿಮ್ಮ ಸಹಿ ಇದ್ದರೆ ಕಥೆಯೇ ಬೇರೆ. ಸಹಿ ಅಧ್ಯಕ್ಷರದ್ದಲ್ಲ, ನಿಮ್ಮದು. ನಾಳೆ ಉತ್ತರ ಕೊಡಬೇಕಾದವರೂ ನೀವೇ.

ಹಾಗಾದರೆ ಮಾನ್ಯತೆ ಹೋಗಿಬಿಡುತ್ತದಾ ಅನ್ನೋ ಭಯ ಇರುತ್ತದೆ. ನಮ್ಮಲ್ಲಿ ಇದಕ್ಕೆ ಆಧಾರ 1983ರ ಕರ್ನಾಟಕ ಶಿಕ್ಷಣ ಕಾಯ್ದೆ, ಜಾರಿಗೆ ಬಂದದ್ದು 1995ರಲ್ಲಿ. ಮಾನ್ಯತೆ ವಾಪಸ್ ಪಡೆಯುವ ವಿಚಾರ ಅದರ 39ನೇ ಕಲಂನಲ್ಲಿದೆ. ಸಂಸ್ಥೆಗೆ ತನ್ನ ಮಾತು ಹೇಳಿಕೊಳ್ಳೋಕೆ ಅವಕಾಶ ಕೊಡದೆ ಹಾಗೆ ಮಾಡುವಂತಿಲ್ಲ. ತಂಡ ಬಂದ ಸಂಜೆಯೇ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ವರದಿ ಹೋಗುತ್ತದೆ, ನೋಟಿಸ್ ಬರುತ್ತದೆ, ನೀವು ಉತ್ತರ ಕೊಡುತ್ತೀರಿ. ಆ ಉತ್ತರದಲ್ಲಿ ತಾರೀಖು ಮತ್ತು ಕಾಗದ ಇದ್ದರೆ ಅದಕ್ಕೆ ತೂಕ ಬರುತ್ತದೆ.

ಅದಕ್ಕೇ ಈ ಒಂಬತ್ತು ದಿನ ಕಾಗದದ ಕೆಲಸ ಮಾಡಿ, ಆದರೆ ನಿಜವಾದ ಕಾಗದದ ಕೆಲಸ. ಫಿಸಿಕ್ಸ್‌ನವರು ಯಾವತ್ತು ಬಿಟ್ಟರು, ರಾಜೀನಾಮೆ ಪತ್ರ ಎಲ್ಲಿದೆ, ಹೊಸಬರಿಗಾಗಿ ಯಾವಾಗ ಜಾಹೀರಾತು ಕೊಟ್ಟಿರಿ, ಗಣಿತದವರು ವಾರಕ್ಕೆ ಎಷ್ಟು ಪೀರಿಯಡ್ ತೆಗೆದುಕೊಳ್ಳುತ್ತಿದ್ದಾರೆ, ಯಾವ ಪಾಠದವರೆಗೆ ಆಗಿದೆ, ಇಷ್ಟನ್ನೂ ಒಂದೇ ಪುಟದಲ್ಲಿ ಬರೆದು ಸಹಿ ಹಾಕಿ ಫೈಲಿನ ಮೇಲೇ ಇಡಿ. ಜಾಹೀರಾತು ಕೊಟ್ಟೇ ಇಲ್ಲ ಅಂದರೆ ಇವತ್ತೇ ಕೊಡಿ, ಇವತ್ತಿನ ತಾರೀಖಿನಲ್ಲೇ ಕೊಡಿ. ಹಿಂದಿನ ತಾರೀಖು ಹಾಕಬೇಡಿ. ಕೆಲಸಕ್ಕೆ ಬರುವವರಿಗೆ ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇರಬೇಕು ಅನ್ನೋದನ್ನು ಮರೆಯಬೇಡಿ, ಎಂಜಿನಿಯರಿಂಗ್ ಮುಗಿಸಿದ ಹುಡುಗನನ್ನು ಸುಮ್ನೆ ತಂದು ನಿಲ್ಲಿಸಿದರೆ ಆಗುವುದಿಲ್ಲ.

ಲ್ಯಾಬಿಗೆ ಸ್ಟಾಕ್ ರಿಜಿಸ್ಟರ್ ಹಿಡಿದುಕೊಂಡು ನೀವೇ ಹೋಗಿ, ಅಟೆಂಡರ್ ಕೈಲಿ ಬಿಡಬೇಡಿ. ಒಂದೊಂದೇ ಸಾಮಾನು ಎಣಿಸಿ. ಒಡೆದದ್ದಕ್ಕೆ ಒಡೆದಿದೆ ಅಂತಲೇ ಬರೆಯಿರಿ. ದ್ವಿತೀಯ ಪಿಯುಸಿಯಲ್ಲಿ ಸೈನ್ಸ್ ಮಕ್ಕಳಿಗೆ ಪ್ರಾಕ್ಟಿಕಲ್‌ಗೇ 30 ಅಂಕ ಇದೆ, ಹಾಗಾಗಿ ಸಾಲ್ಟ್ ಅನಾಲಿಸಿಸ್‌ಗೆ, ಟೈಟ್ರೇಶನ್‌ಗೆ ಬೇಕೇ ಬೇಕಾದ್ದು ಯಾವುದು ಅಂತ ಕೆಮಿಸ್ಟ್ರಿಯವರ ಹತ್ತಿರ ಪಟ್ಟಿ ಮಾಡಿಸಿ, ಕೊಟೇಶನ್ ತರಿಸಿ, ಆರ್ಡರ್ ಹಾಕಿ. ಸಣ್ಣ ಕಾಲೇಜಿಗೆ ಬೇಕಾಗುವ ಬ್ಯೂರೆಟ್, ಪಿಪೆಟ್, ಟೆಸ್ಟ್ ಟ್ಯೂಬು, ರಾಸಾಯನಿಕ ಅಂತಹ ದೊಡ್ಡ ಮೊತ್ತ ಏನಲ್ಲ. ಆಸಿಡ್ ಬಾಟಲಿಗಳು ಮೇಲಿನ ಶೆಲ್ಫಿನಲ್ಲಿ ಇದ್ದರೆ ಇವತ್ತೇ ಕೆಳಗೆ ಇಳಿಸಿ, ಕಣ್ಣಿನ ಮಟ್ಟಕ್ಕಿಂತ ಮೇಲೆ ಅವು ಯಾವತ್ತೂ ಇರಬಾರದು.

ತಂಡ ಮುಖ್ಯವಾಗಿ ನೋಡೋದು ಒಂದು ಪುಸ್ತಕ ಇನ್ನೊಂದಕ್ಕೆ ಹೊಂದುತ್ತದಾ ಅಂತ. ದಾಖಲಾತಿ ಪುಸ್ತಕದಲ್ಲಿ 118, ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ಇರುವ ಇಲಾಖೆಯ ಆನ್‌ಲೈನ್ ದಾಖಲೆ) 121, ಹಾಜರಾತಿಯಲ್ಲಿ 109 ಅಂತಿದ್ದರೆ ಆ ವ್ಯತ್ಯಾಸ ಯಾಕೆ ಅಂತ ಮೊದಲ ಪ್ರಶ್ನೆಯೇ ಬರುತ್ತದೆ. ಟಿಸಿ ತೆಗೆದುಕೊಂಡು ಹೋದ ಮಕ್ಕಳ ಹೆಸರು ತೆಗೆದಿಲ್ಲವೋ, ಕಾಲೇಜಿಗೇ ಬಾರದ ಮಕ್ಕಳಿದ್ದಾರೋ? ವೇಳಾಪಟ್ಟಿಯಲ್ಲಿ ಇರುವ ಲೆಕ್ಚರರ್ ಹೆಸರು ಸಂಬಳದ ಪಟ್ಟಿಯಲ್ಲಿ ಇದೆಯಾ? ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಭಾನುವಾರದ ತಾರೀಖು ಬಿದ್ದಿದೆಯಾ? ನಗಬೇಡಿ, ಇದನ್ನು ಜಾಸ್ತಿ ಕಡೆ ಕಂಡಿದ್ದೇನೆ. ಎಲ್ಲ ರೆಕಾರ್ಡನ್ನೂ ಒಂದೇ ವಾರ ಕೂತು ಬರೆಸಿದಾಗ ಹಾಗಾಗುತ್ತದೆ. ಇಲಾಖೆ ಅನುಮತಿ ಕೊಟ್ಟಿರುವ ಕಾಂಬಿನೇಶನ್ ಯಾವುದು, ನೀವು ನಡೆಸುತ್ತಿರುವುದು ಯಾವುದು, ಅದನ್ನೂ ಆದೇಶದ ಪ್ರತಿ ಇಟ್ಟುಕೊಂಡು ಒಮ್ಮೆ ನೋಡಿಬಿಡಿ.

ನಿಮ್ಮ ಪತ್ರದಲ್ಲಿ ಇಲ್ಲದೇ ಇದ್ದರೂ ಒಂದು ವಿಷಯ ಕೇಳಲೇಬೇಕು. ನಿಮ್ಮ ಕಾಲೇಜು ಎಷ್ಟನೇ ಮಹಡಿಯಲ್ಲಿದೆ? ಸಣ್ಣ ಕಾಲೇಜುಗಳು ಎಷ್ಟೋ ಕಡೆ ಅಂಗಡಿಗಳ ಮೇಲೆ ಬಾಡಿಗೆಗೆ ಇರುತ್ತವೆ, ಒಂದೇ ಮೆಟ್ಟಿಲು, ಕೆಳಗೆ ಶಟರ್ ಪಕ್ಕ ಮೀಟರ್ ಬೋರ್ಡು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಖಾಸಗಿ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆಮೇಲೆ ಆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕಟ್ಟಡ ಸುರಕ್ಷಿತವಾಗಿದೆ ಅಂತ ಖಾತ್ರಿಯಾಗದೆ ಯಾವ ಶಾಲೆಗೂ ಮಾನ್ಯತೆ ಕೊಡಬಾರದು, ಇರುವ ಶಾಲೆಗಳು ಬೆಂಕಿ ನಂದಿಸುವ ಸಾಧನ ಇಡಬೇಕು, ಸಿಬ್ಬಂದಿಗೆ ಅದನ್ನು ಬಳಸೋದು ಕಲಿಸಬೇಕು ಅಂತ 2009ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು. ಹತ್ತು ವರ್ಷ ಆದ ಮೇಲೆ, 2019ರ ಮೇ 24ರಂದು, ಸೂರತ್‌ನಲ್ಲಿ ವಾಣಿಜ್ಯ ಕಟ್ಟಡವೊಂದರ ಮೇಲಿನ ಮಹಡಿಯ ಕೋಚಿಂಗ್ ಕ್ಲಾಸಿಗೆ ಬೆಂಕಿ ಹರಡಿ 22 ಮಕ್ಕಳು ಹೋದರು. ಇಳಿಯೋಕೆ ದಾರಿ ಇಲ್ಲದೆ ಮೇಲಿಂದ ಹಾರಿದ ಮಕ್ಕಳನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು.

ಕಟ್ಟಡದ ಸುರಕ್ಷತಾ ಪತ್ರ, ಅಗ್ನಿಶಾಮಕ ಇಲಾಖೆಯ ಪತ್ರ ಎರಡೂ ಫೈಲಿನಲ್ಲಿ ಇರಲಿ, ಸರಿ. ಅದಕ್ಕಿಂತ ಮೊದಲು ನಾಳೆ ಬೆಳಗ್ಗೆ ಹೋಗಿ ಗೋಡೆಗೆ ನೇತು ಹಾಕಿರುವ ಕೆಂಪು ಸಿಲಿಂಡರ್ ನೋಡಿ. ಮುಳ್ಳು ಹಸಿರು ಭಾಗದಲ್ಲಿ ಇದೆಯಾ? ಮತ್ತೆ ಯಾವಾಗ ತುಂಬಿಸಬೇಕು ಅಂತ ಚೀಟಿ ಇರುತ್ತದೆ, ಆ ತಾರೀಖು ಮುಗಿದಿದೆಯಾ? ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದರೆ ತೆಗೆಸಿ, ಮಕ್ಕಳು ಆ ಕಡೆಯಿಂದ ತಪ್ಪಿಸಿಕೊಂಡು ಹೋಗುತ್ತಾರೆ ಅನ್ನೋ ಕಾರಣ ನನಗೂ ಗೊತ್ತು, ಆದರೂ ತೆಗೆಸಿ. ಮೆಟ್ಟಿಲ ಕೆಳಗೆ ತುಂಬಿಟ್ಟ ಹಳೇ ಬೆಂಚು, ಉತ್ತರ ಪತ್ರಿಕೆ ಎಲ್ಲ ಬೇರೆ ಕಡೆ ಸಾಗಿಸಿ. ತಂಡ ಬರದೇ ಹೋದರೂ ಇಷ್ಟು ಮಾಡಿ ಮೇಡಂ.

ಪ್ರಶ್ನೆ: ನನ್ನ ಮಗಳು ಪ್ರಥಮ ಪಿಯುಸಿ. ಓದುತ್ತಿರುವುದು ಒಂದು ನೀಟ್ ಕೋಚಿಂಗ್ ಸೆಂಟರಿನಲ್ಲಿ, ಹೆಸರು ಮಾತ್ರ ಬೇರೆ ಊರಿನ ಸಣ್ಣ ಕಾಲೇಜಿನಲ್ಲಿದೆ. ಆ ಕಾಲೇಜಿಗೆ ಇಲಾಖೆಯವರು ತಪಾಸಣೆಗೆ ಬಂದು ಹೋದರಂತೆ, ನೋಟಿಸ್ ಬಂದಿದೆಯಂತೆ. ಕೋಚಿಂಗಿನವರು "ನೀವ್ಯಾಕೆ ತಲೆ ಕೆಡಿಸಿಕೊಳ್ತೀರಿ" ಅನ್ನುತ್ತಾರೆ. ಒಂದೂವರೆ ಲಕ್ಷ ಕಟ್ಟಿದ್ದೇನೆ. ಮಗಳ ವರ್ಷ ಹಾಳಾಗುತ್ತದಾ?

ಉತ್ತರ: ಸರ್, ನೀವು ತಲೆ ಕೆಡಿಸಿಕೊಳ್ಳಲೇಬೇಕು, ಆದರೆ ಹೆದರಬೇಡಿ. ಇನ್ನೂ ಪ್ರಥಮ ಪಿಯುಸಿ ಅಲ್ವಾ, ಸರಿ ಮಾಡಿಕೊಳ್ಳೋಕೆ ಟೈಮ್ ಇದೆ.

ನಾಳೆಯೇ ಹೆಸರು ಇರುವ ಆ ಕಾಲೇಜಿಗೆ ನೀವೇ ಹೋಗಿ. ಫೋನಿನಲ್ಲಿ ಬೇಡ. ಮಗಳ ಸ್ಯಾಟ್ಸ್ ನಂಬರ್ ಕೇಳಿ, ಅದು ಯಾವ ಕಾಲೇಜಿನ ಹೆಸರಿನಲ್ಲಿ ತೋರಿಸುತ್ತದೆ ಅಂತ ಕಂಪ್ಯೂಟರಿನಲ್ಲಿ ನೋಡಿ. ಕಾಲೇಜಿನ ಯುಡೈಸ್ ನಂಬರನ್ನೂ (ದೇಶದ ಪ್ರತಿ ಶಾಲೆ, ಪಿಯು ಕಾಲೇಜಿಗೆ ಕೊಡುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ, 11 ಅಂಕಿ ಇರುತ್ತದೆ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಈ ವರ್ಷಕ್ಕೆ ಮಾನ್ಯತೆ ಇದೆಯಾ, ಸೈನ್ಸ್‌ಗೆ ಅನುಮತಿ ಇದೆಯಾ ಅಂತ ಆದೇಶದ ಪ್ರತಿ ತೋರಿಸೋಕೆ ಹೇಳಿ. ತೋರಿಸದಿದ್ದರೆ ಅಲ್ಲಿಂದ ನೇರ ಡಿಡಿಪಿಯು ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ.

ಇದರಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಹಾಜರಾತಿ. ಪರೀಕ್ಷೆಗೆ ಕೂರೋಕೆ 75 ಪರ್ಸೆಂಟ್ ಬೇಕು. ನಿಮ್ಮ ಮಗಳು ಆ ಕಾಲೇಜಿನ ಬೆಂಚಿನ ಮೇಲೆ ಒಂದು ದಿನವೂ ಕೂತಿಲ್ಲ. ಹಾಗಿದ್ದರೂ ಪುಸ್ತಕದಲ್ಲಿ ದಿನಾ ಹಾಜರಿ ಬೀಳುತ್ತಿದ್ದರೆ ತಂಡದವರು ಹಿಡಿದಿರುವುದು ಅದನ್ನೇ ಇರಬಹುದು. ತರಗತಿಗೆ ಹೋಗಿ ತಲೆ ಎಣಿಸಿದರೆ ಗೊತ್ತಾಗಿಬಿಡುತ್ತದೆ. ಲ್ಯಾಬ್ ಕೂಡ ನೋಡದ ಮಗು ಮುಂದಿನ ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಏನು ಮಾಡಬೇಕು? ನಾಳೆ ಮೆಡಿಕಲ್ ಸೇರಿದರೂ ಮೈಕ್ರೋಸ್ಕೋಪ್ ಮುಂದೆ ಕೂರಲೇಬೇಕಲ್ಲ.

ಹಣದ ವಿಚಾರ. ಕೋಚಿಂಗ್ ಸೆಂಟರುಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಶಾಲಾ ಕಾಲೇಜಿನ ಸಮಯದಲ್ಲಿ ಕೋಚಿಂಗ್ ತರಗತಿ ನಡೆಸಬಾರದು ಅಂತ ಅದರಲ್ಲಿ ಇದೆ. ಪೂರ್ತಿ ಶುಲ್ಕ ಕಟ್ಟಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ವಾಪಸ್ ಕೊಡಬೇಕು ಅಂತಲೂ ಇದೆ. ಇದು ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿ, ಕಾಯ್ದೆಯಷ್ಟು ಬಲ ಅದಕ್ಕಿಲ್ಲ. ಆದರೂ ಲಿಖಿತ ಅರ್ಜಿಯಲ್ಲಿ ಅದನ್ನು ಕಾಣಿಸಿ. ರಸೀದಿ ಯಾರ ಹೆಸರಿನಲ್ಲಿದೆ ನೋಡಿ, ಕಾಲೇಜಿನದ್ದಾ, ಕೋಚಿಂಗಿನದ್ದಾ, ಇಲ್ಲ ಬರೀ ಬಿಳಿ ಚೀಟಿಯಾ? ಬಿಳಿ ಚೀಟಿಯಾದರೆ ಬ್ಯಾಂಕಿನಿಂದ ಹಣ ಹೋದ ದಾಖಲೆ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಮನೆ ಹತ್ತಿರದ ಮಾನ್ಯತೆ ಇರುವ ಕಾಲೇಜಿಗೆ ವರ್ಗಾವಣೆ ಕೇಳಿ. ಅಲ್ಲಿ ದಿನಾ ಹೋಗಲಿ, ಕೋಚಿಂಗ್ ಬೇಕಿದ್ದರೆ ಸಂಜೆ ಹೋಗಲಿ. ಅವಳಿಗೇ ಕೇಳಿ ನೋಡಿ, ಏನನ್ನುತ್ತಾಳೆ ಅಂತ.

ಪ್ರಶ್ನೆ: ನಾನು ಖಾಸಗಿ ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಖಾತೆಗೆ 25 ಸಾವಿರ ಹಾಕುತ್ತಾರೆ, 11 ಸಾವಿರ ನಗದಾಗಿ ವಾಪಸ್ ಕೊಡಬೇಕು. ಇನ್‌ಸ್ಪೆಕ್ಷನ್ ದಿನ ಕೇಳಿದರೆ ಪೂರ್ತಿ ಸಂಬಳ ಸಿಗುತ್ತದೆ ಅಂತ ಹೇಳಬೇಕಂತೆ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳೂ ಅವರ ಹತ್ತಿರವೇ ಇವೆ.

ಉತ್ತರ: ಮಗಳೇ, ನಿಮ್ಮ ಮನೆ ಕಷ್ಟ ನನಗೆ ಗೊತ್ತಿಲ್ಲ, ಕೆಲಸ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಮೊದಲು ಒರಿಜಿನಲ್‌ಗಳನ್ನು ವಾಪಸ್ ಪಡೆಯಿರಿ. ತಪಾಸಣೆಗೆ ನಿಮ್ಮ ಮೂಲ ದಾಖಲೆ ಬೇಕಾದರೆ ಆ ದಿನ ನೀವೇ ತಂದು ತೋರಿಸಬಹುದು, ಅವರ ಬೀರುವಿನಲ್ಲಿ ಇರಬೇಕಾದ್ದೇನಿಲ್ಲ. ಬ್ಯಾಂಕಿನ ಕೆಲಸಕ್ಕೆ ಬೇಕು ಅಂತಲೋ ಬಿ.ಎಡ್ ಅರ್ಜಿಗೆ ಅಂತಲೋ ಹೇಳುವ ಬದಲು ನೇರವಾಗಿ ಒಂದು ಪತ್ರ ಬರೆದು ಕೇಳಿ, ಪ್ರತಿ ಇಟ್ಟುಕೊಳ್ಳಿ.

ನಗದು ಕೊಟ್ಟ ದಿನವೆಲ್ಲ ಡೈರಿಯಲ್ಲಿ ಬರೆಯಿರಿ, ತಾರೀಖು, ಮೊತ್ತ, ಯಾರ ಕೈಗೆ ಕೊಟ್ಟಿರಿ ಅಂತ. ಎಟಿಎಂನಿಂದ ತೆಗೆದ ಹಣ ಪಾಸ್‌ಬುಕ್‌ನಲ್ಲಿ ಅದೇ ದಿನ ಕಾಣುತ್ತದೆ. ಎಷ್ಟು ತಿಂಗಳಾದರೂ ಆ ಎರಡೂ ಒಟ್ಟಿಗೆ ಓದಿದರೆ ವಿಷಯ ತಾನಾಗಿ ಗೊತ್ತಾಗುತ್ತದೆ.

ತಂಡದವರು ಕೇಳಿದಾಗ ಅಧ್ಯಕ್ಷರು ಪಕ್ಕದಲ್ಲೇ ಇದ್ದರೆ ಬಾಯಿ ಬಿಡೋಕೆ ಆಗದಿರಬಹುದು. ಆಗ "ಖಾತೆಗೆ ಇಷ್ಟು ಬರುತ್ತದೆ ಸರ್" ಅಂತ ಹೇಳಿ, ಅದು ನಿಜ. ಕೈಗೆ ಪೂರ್ತಿ ಸಿಗುತ್ತದೆ ಅಂತ ಮಾತ್ರ ಹೇಳಬೇಡಿ, ಯಾವ ಕಾಗದಕ್ಕೂ ಹಾಗಂತ ಸಹಿ ಹಾಕಬೇಡಿ. ಆಮೇಲೆ ಡಿಡಿಪಿಯು ಅವರಿಗೆ ಅಂಚೆಯಲ್ಲಿ ಪತ್ರ ಬರೆಯಿರಿ. ನಿಮ್ಮ ಕಾಲೇಜಿನಲ್ಲಿ ಇದು ನಿಮ್ಮೊಬ್ಬರಿಗೇ ಆಗುತ್ತಿರಲಾರದು, ಸ್ಟಾಫ್ ರೂಮಿನಲ್ಲಿ ಇನ್ನಿಬ್ಬರು ಸಹಿ ಹಾಕುತ್ತಾರಾ ಕೇಳಿ. ಮೂರು ಸಹಿ ಇರುವ ಪತ್ರಕ್ಕೆ ಇಲಾಖೆಯಲ್ಲಿ ಬೇಗ ಫೈಲ್ ತೆರೆಯುತ್ತಾರೆ. ಒರಿಜಿನಲ್ ಕೈಗೆ ಬಂದ ಮೇಲೆಯೇ ಅದನ್ನು ಕಳಿಸಿ, ಅವಸರ ಮಾಡಬೇಡಿ.